ಕಟ್ಟೆ ಹತ್ತಿದ ಗ್ರೈಂಡರ್

ಮಳೆಗಾಲದಲ್ಲಿ ನೆರೆ ಎಲ್ಲಿಯವರೆಗೆ ಬರುತ್ತದೆಂದು ಕಂಪ್ಯೂಟರಿನಲ್ಲಿ ಮೊದಲೇ ಲೆಕ್ಕ ಹಾಕಿ ತೋರಿಸುವುದು ನನ್ನ ಕೆಲಸ. ನದಿಯಿಂದ ಸ್ವಲ್ಪ ದೂರದಲ್ಲಿ, ಶಹಾಡ್ ರೈಲ್ವೆ ಸ್ಟೇಷನ್ ಹತ್ತಿರವಿರುವ ಒಂದು ಗಲ್ಲಿಗೆ ನೀರೇ ಬರುವುದಿಲ್ಲ ಎಂದಿತ್ತು ನನ್ನ ಮಾಡೆಲ್. ನಾನು ಸಹಿ ಹಾಕಿದರೆ ಅಲ್ಲಿ ಬೇಸ್‌ಮೆಂಟ್ ಇರುವ ಕಟ್ಟಡಗಳಿಗೆ ಪರವಾನಗಿ ಸಿಗುತ್ತಿತ್ತು.

ಯಾವುದಕ್ಕೂ ಒಮ್ಮೆ ನೋಡಿಬರೋಣವೆಂದು ಹೋದವನು ಅಲ್ಲಿಯ ಉಡುಪಿ ಹೋಟೆಲಿನಲ್ಲಿ ಚಹಾಕ್ಕೆ ಕೂತೆ. ಒಳಗೆ ಇಡ್ಲಿ ಹಿಟ್ಟಿನ ಗ್ರೈಂಡರ್ ಸೊಂಟದೆತ್ತರದ ಕಟ್ಟೆಯ ಮೇಲಿತ್ತು. ಮಾಲೀಕ ಭಟ್ಟರು ಸ್ಟೂಲ್ ಹತ್ತಿ ನಿಂತು ಅದಕ್ಕೆ ಅಕ್ಕಿ ಹಾಕುತ್ತಿದ್ದರು.

"ಇದೇನು ಭಟ್ರೇ, ಇಷ್ಟು ಎತ್ತರಕ್ಕೆ?"

"ಕೆಳಗಿಟ್ರೆ ಮಳೆಗಾಲದಲ್ಲಿ ಮೋಟರ್ ಮುಳುಗ್ತದೆ ಮಾರಾಯ್ರೇ."

"ನದಿ ಇಲ್ಲಿವರೆಗೆ ಬರುವುದಿಲ್ಲವಲ್ಲ!"

"ನದಿ ಯಾಕೆ ಬರ್ಬೇಕು? ಅದು ತುಂಬಿದ್ರೆ ಹೋಟೆಲಿನ ಹಿಂದೆ ದೊಡ್ಡ ಚರಂಡಿ ಉಂಟಲ್ಲ, ಆ ನಾಲಾದ ನೀರು ಅಲ್ಲಿಗೆ ಹೋಗ್ಲಿಕ್ಕಾಗದೆ ತಿರುಗಿ ಇಲ್ಲಿಗೇ ಬರ್ತದೆ."

ನನ್ನ ಮಾಡೆಲಿನಲ್ಲಿ ಆ ನಾಲಾ ನದಿಯ ಕಡೆಗೆ ಮಾತ್ರ ಹರಿಯುತ್ತಿತ್ತು! ಅಲ್ಲೇ ಲ್ಯಾಪ್‌ಟಾಪ್ ತೆಗೆದು, ತಿದ್ದಿ, ಮತ್ತೆ ಓಡಿಸಿದೆ. ಎರಡನೇ ಚಹಾ ಮುಗಿಯುವಷ್ಟರಲ್ಲಿ ಪರದೆಯ ನಕ್ಷೆಯಲ್ಲಿ ನೀರಿನ ನೀಲಿ ಬಣ್ಣ ಗಲ್ಲಿಯೊಳಗೆ ನುಗ್ಗಿತು. ಹೋಟೆಲಿನ ಜಾಗದಲ್ಲಿ ನೀರಿನ ಎತ್ತರ ನೋಡಿದೆ: ಕಟ್ಟೆಗಿಂತ ನಾಲ್ಕೇ ಬೆರಳು ಕೆಳಗೆ! ನಾನು ಕುಣಿಯುವುದೊಂದು ಬಾಕಿ. ಭಟ್ಟರು ಇಣುಕಿ ನೋಡಿ, "ಹೌದು, ಅಷ್ಟೇ ಬರುದು" ಎಂದು ಮತ್ತೆ ಸ್ಟೂಲ್ ಹತ್ತಿದರು.

ಬೇಸ್‌ಮೆಂಟಿಗೆ ಪರವಾನಗಿ ಸಿಗಲಿಲ್ಲ. ಮೀಟಿಂಗಿನಲ್ಲಿ ಮಾತ್ರ ಒಬ್ಬ ಸಾಹೇಬರು, ನೀರಿನ ಮಟ್ಟವನ್ನು ಯಾವ ಉಪಕರಣದಿಂದ ತಾಳೆ ನೋಡಿದಿರಿ ಎಂದು ಕೇಳಿದರು.

"ಗ್ರೈಂಡರ್ ಸರ್, ಹತ್ತು ಲೀಟರಿನದು" ಎಂದೆ.

ಅವರು ಗಂಭೀರವಾಗಿ ಬರೆದುಕೊಂಡರು.