ಹೊಟ್ಟಿನೊಳಗಿನ ಐಸ್

ಹಸಿ ಗೋಣಿಚೀಲ, ಅದರೊಳಗೆ ನೆನೆದ ಕಟ್ಟಿಗೆ ಹೊಟ್ಟು. ಹೋದ ಮಂಗಳವಾರ ಸಿಂದಗಿಯ ಬಸ್ ನಿಲ್ದಾಣದ ಎದುರು, ಕಬ್ಬಿನ ಹಾಲಿನ ಅಂಗಡಿಯವ ಚೀಲದ ಬಾಯಿ ಬಿಚ್ಚಿ ಐಸ್ ಗಡ್ಡೆ ಹೊರತೆಗೆದಾಗ ಆ ವಾಸನೆ ಮೂಗಿಗೆ ಬಡಿಯಿತು. ಅಕ್ಕನ ಮನೆ ಅಲ್ಲಿಂದ ನನ್ನ ಕಾಲಿಗೆ ಏಳು ನಿಮಿಷದ ದಾರಿ. ಅವಳ ಹನ್ನೊಂದು ತಿಂಗಳ ಮಗ ಆಗಷ್ಟೇ ಅಂಬೆಗಾಲಿಡುತ್ತಿದ್ದ. ಎರಡು ದಿನದಿಂದ ಅವನ ಬಲ ಮೊಣಕಾಲು ಊದಿತ್ತು. ನೋಡಿದ ಕೂಡಲೇ ನಾನು ಐಸ್ ತರಲು ಓಡಿದ್ದೆ. ಅಂಗಡಿಯ ಮುಂದೆ ನಿಂತಲ್ಲೇ ಸೋಡಾ ಅಂಗಡಿ ಕಾಕಾ ನೆನಪಾದರು…

ಮುದ್ದೇಬಿಹಾಳದ ಮಾರುಕಟ್ಟೆ ಯಾರ್ಡಿನಲ್ಲಿ ಅಪ್ಪ ಹಮಾಲಿ ಮಾಡುತ್ತಿದ್ದ. ಯಾರ್ಡಿನ ಗೇಟಿನ ಬಳಿ ಕಾಕಾನ ಅಂಗಡಿ, ಅದರ ಹಿಂದಿನ ಓಣಿಯಲ್ಲಿ ನಮ್ಮ ಮನೆ. ನನ್ನ ರಕ್ತ ಹೆಪ್ಪುಗಟ್ಟುವುದಿಲ್ಲ. ಸಣ್ಣ ಪೆಟ್ಟಿಗೂ ಕೀಲಿನೊಳಗೆ ರಕ್ತ ಇಳಿದು ಊದಿಕೊಳ್ಳುತ್ತದೆ. ಅವ್ವನ ತಮ್ಮನೊಬ್ಬ ಹಲ್ಲು ಕೀಳಿಸಿಕೊಂಡ ಮೇಲೆ ರಕ್ತ ನಿಲ್ಲದೆ ಸತ್ತಿದ್ದ. ಮನೆಯಲ್ಲಿ ಅದನ್ನು ಗಾಳಿ ಸೋಂಕು ಎನ್ನುತ್ತಿದ್ದರು. ನನ್ನ ಮೊಣಕಾಲು ಊದಿದಾಗಲೂ ಅವ್ವ ಎಣ್ಣೆ ಕಾಯಿಸಿ ಗಟ್ಟಿಯಾಗಿ ತಿಕ್ಕಿದಳು, ಮೇಲೆ ಬಿಸಿ ಇಟ್ಟಿಗೆಯ ಕಾವು ಕೊಟ್ಟಳು. ಕಾಲು ಕುಂಬಳಕಾಯಿಯಷ್ಟಾಯಿತು. ನನ್ನ ಚೀರಾಟ ಕೇಳಿ ಬಂದ ಕಾಕಾ ನನ್ನನ್ನು ಹೆಗಲ ಮೇಲೆ ಹೊತ್ತು, ಅಪ್ಪನನ್ನೂ ಕರೆದುಕೊಂಡು ವಿಜಯಪುರದ ಬಸ್ ಹತ್ತಿದರು. ಆಗ ನಾನು ಮೂರನೇ ಇಯತ್ತೆ.

ಅಲ್ಲಿಯ ಡಾಕ್ಟರು ಮೂರು ಮಾತು ಹೇಳಿದರು. ಊದಿದ ಕೂಡಲೇ ಐಸ್ ಇಟ್ಟು ಇಂಜೆಕ್ಷನ್ನಿಗೆ ಬರಬೇಕು. ಪ್ರತಿ ಸಲದ ತಾರೀಖು ಬರೆದಿಡಬೇಕು. ಇದು ತಾಯಿಯಿಂದ ಗಂಡುಮಕ್ಕಳಿಗೆ ಬರುವ ರೋಗ, ಅಕ್ಕನಲ್ಲೂ ಅಡಗಿರಬಹುದು, ಅವಳ ರಕ್ತವನ್ನೂ ಒಮ್ಮೆ ನೋಡಿಸಬೇಕು. ಆ ಮೂರನೆಯ ಮಾತನ್ನು ಡಾಕ್ಟರು ಬರೆದುಕೊಟ್ಟ ಚೀಟಿಯನ್ನು ಅವ್ವ ದೇವರ ಗೂಡಿನಲ್ಲಿ ಹಾಸಿದ ಹಾಳೆಯ ಕೆಳಗಿಟ್ಟಳು. "ಆಕಿ ಲಗ್ನ ಆಗ್ಲಿ, ಆಮ್ಯಾಲ ನೋಡೋಣು."

ಬರೆಯಲು ನೋಟುಪುಸ್ತಕ ಕೊಟ್ಟವರು ಕಾಕಾ. ಮೊದಲ ವರ್ಷ ಹದಿನೇಳು ಸಲ, ಮರುವರ್ಷ ಇಪ್ಪತ್ತೆರಡು. ಸೋಡಾ ಕೇಳುವವರಿಲ್ಲದ ಚಳಿಗಾಲದಲ್ಲೂ ಅವರ ಹೊಟ್ಟಿನ ಪೆಟ್ಟಿಗೆಯಲ್ಲಿ ನನಗೆಂದು ಒಂದು ಗಡ್ಡೆ ಇರುತ್ತಿತ್ತು. ಮನೆಯ ಹೊಸ್ತಿಲಿನಿಂದ ಅಂಗಡಿಗೆ ನಲವತ್ತೊಂದು ಹೆಜ್ಜೆ. ಅವ್ವ ನನಗೆ ಬಿಟ್ಟಿದ್ದ ಜಗತ್ತು ಅಷ್ಟೇ ಉದ್ದ. ಓರಗೆಯವರು ಯಾರ್ಡಿನಲ್ಲಿ ಚೆಂಡಾಡುವಾಗ ನಾನು ಖಾಲಿ ಬಾಟಲಿಗಳ ಕ್ರೇಟಿನ ಮೇಲೆ ಕುಳಿತು ಅವರ ರನ್ ಎಣಿಸುತ್ತಿದ್ದೆ.

"ಏನ್ರಿ ತಲಾಟಿ ಸಾಹೇಬ್ರ, ಇವತ್ತ ಯಾವ ಕಾಲಿಂದ ಪಾಳಿ?" ಎನ್ನುತ್ತಿದ್ದರು ಕಾಕಾ. ಊರಿನ ಲೆಕ್ಕವೆಲ್ಲ ಬರೆದಿಡುವ ತಲಾಟಿಯಂತೆ ನಾನೂ ಎಲ್ಲ ಬರೆಯುತ್ತೇನೆಂದು ಆ ಚೇಷ್ಟೆ.

ಅಕ್ಕನಿಗೆ ಸಿಂದಗಿಯಿಂದ ಸಂಬಂಧ ಬಂತು. ನಮ್ಮ ಕಡೆ ಹೆಣ್ಣಿನ ಮನೆಯ ವಿಚಾರವನ್ನು ಹೆಣ್ಣಿನ ಮನೆಯಲ್ಲಿ ಕೇಳುವುದಿಲ್ಲ, ಹತ್ತಿರದ ಅಂಗಡಿಯಲ್ಲಿ ಕೇಳುತ್ತಾರೆ. ಗಂಡಿನ ಸೋದರಮಾವ ಗುರುವಾರ ಬರುತ್ತಾನೆಂದು ಗೊತ್ತಾದಾಗ ಅವ್ವ ನನ್ನನ್ನು ಕಾಕಾನ ಬಳಿ ಕಳಿಸಿದಳು.

"ಕಾಕಾ, ನಾ ಸೈಕಲ್ ಮ್ಯಾಲಿಂದ ಬಿದ್ದೇನಿ ಅಂತ ಹೇಳ್ಬೇಕಂತ್ರಿ."

ಅವರು ಬಾಟಲಿ ತೊಳೆಯುವುದನ್ನು ನಿಲ್ಲಿಸಲಿಲ್ಲ. "ಯಾವಾಗ ಬಿದ್ರಿ ಸಾಹೇಬ್ರ? ಪುಸ್ತಕದಾಗ ಬರದೀರೇನು?"

ನಾನು ಪುಸ್ತಕವನ್ನು ಬೆನ್ನ ಹಿಂದೆ ಹಿಡಿದೆ.

"ಚೀಟಿ ವಿಷಯ ನಿಮ್ಮಕ್ಕಗ ಗೊತ್ತೈತಿ?"

"ಇಲ್ರಿ."

ಗುರುವಾರ ಬಂದ ಸೋದರಮಾವ ಎರಡು ನಿಂಬು ಸೋಡಾ ಕುಡಿದ. ಕ್ರೇಟಿನ ಮೇಲೆ ಕುಳಿತಿದ್ದ ನನ್ನತ್ತ ಗೋಣು ತಿರುಗಿಸಿ, "ಹುಡುಗನ ಕಾಲು ಯಾಕ ಹಂಗೈತ್ರಿ?" ಎಂದ.

"ಸೈಕಲ್ ಕಲಿಯಾಕ ಹೋಗಿ ಬಿದ್ದಾನ್ರಿ," ಎಂದರು ಕಾಕಾ. "ಈಗಿನ ಹುಡುಗ್ರು ಮಾತು ಕೇಳ್ತಾವೇನ್ರಿ?"

ಅವನು ನಕ್ಕ. ಮದುವೆ ಆಯಿತು. ನನ್ನ ಪುಸ್ತಕದಲ್ಲಿ ಆ ಗುರುವಾರದ ಪುಟ ಮಾತ್ರ ಖಾಲಿ ಉಳಿಯಿತು.

ಅಂದಿನಿಂದ ಕಾಕಾ ನನ್ನನ್ನು ತಲಾಟಿ ಎನ್ನಲಿಲ್ಲ. ಐಸ್ ಮಾತ್ರ ತಪ್ಪಲಿಲ್ಲ. ಒಂದು ದಿನ ಗಡ್ಡೆಗೆ ಬಟ್ಟೆ ಸುತ್ತುತ್ತ, "ಲಗ್ನ ಆತಲ್ಲ ತಮ್ಮಾ, ಈಗರೆ ನಿಮ್ಮಕ್ಕಗ ಹೇಳು," ಎಂದರು. ಹೂಂ ಎಂದೆ. ಆಮೇಲೆ ಆರು ಸಲ ಸಿಂದಗಿಗೆ ಹೋದೆ. ಆರೂ ಸಲ ಚಹಾ ಕುಡಿದು ಬಂದೆ… ಅವ್ವನ ಮುಖ ಅಡ್ಡ ಬರುತ್ತಿತ್ತು, ಅಕ್ಕನ ಹೊಸ ಹಸಿರು ಬಳೆಗಳು ಅಡ್ಡ ಬರುತ್ತಿದ್ದವು. ಅಕ್ಕ ಬಸುರಿಯಾದ ವರ್ಷ ಕಾಕಾ ನಾಲ್ಕು ದಿನದ ಜ್ವರದಲ್ಲಿ ಹೋಗಿಬಿಟ್ಟರು.

ಐಸ್ ಹಿಡಿದು ತಿರುಗಿ ಬಂದಾಗ ಅಕ್ಕನ ಅತ್ತೆ ಎಣ್ಣೆ ಕಾಯಿಸಿಟ್ಟು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡಿದ್ದರು.

"ಬ್ಯಾಡ್ರಿ ಅತ್ತಿ, ತಿಕ್ಕಬ್ಯಾಡ್ರಿ."

"ಉಳುಕೇತೋ, ತಿಕ್ಕಿದ್ರ ಇಳೀತೈತಿ. ಬಾಣಂತನ ಮಾಡಿದಾಕಿ ನಾ. ನೀ ಯಾವಾಗ ಹಡದಿ?"

"ನಾ ಸೈಕಲ್ ಮ್ಯಾಲಿಂದ ಬಿದ್ದಿಲ್ರಿ," ಎಂದೆ. "ಇದ ರೋಗ ನನಗೈತಿ, ಅವ್ವನ ಕಡಿಂದ ಬಂದದ್ದು. ತಿಕ್ಕಿದ್ರ ಒಳಗ ಇನ್ನಷ್ಟು ರಕ್ತ ಇಳೀತೈತಿ. ಈಗ ವಿಜಯಪುರಕ್ಕ ಹೋಗ್ಬೇಕು."

ಅವರ ಕೈ ಎಣ್ಣೆಯ ಬಟ್ಟಲಿನಲ್ಲೇ ನಿಂತಿತು. ಬಾಗಿಲಲ್ಲಿದ್ದ ಅಕ್ಕ ಕೂಸನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

"ನಿನಗ ಯಾವಾಗಿಂದ ಗೊತ್ತಿತ್ತು?"

ದಿನ, ತಾರೀಖು ಎರಡೂ ಗೊತ್ತಿದ್ದವು. ಐಸಿಗೆ ಬಟ್ಟೆ ಸುತ್ತಿ ಕೂಸಿನ ಮೊಣಕಾಲ ಮೇಲಿಟ್ಟೆ.

ಕೂಸಿಗೆ ಇಂಜೆಕ್ಷನ್ ಆಗಿ ಇಂದಿಗೆ ಐದು ದಿನ. ಊತ ಇಳಿದಿದೆ. ಅವನ ಹೆಸರಿನ ಪುಸ್ತಕದಲ್ಲಿ ಒಂದನೇ ಸಾಲು ಬರೆದಿದ್ದೇನೆ. ಅತ್ತೆ ಅಕ್ಕನನ್ನೂ ಕೂಸನ್ನೂ ನಮ್ಮ ಮನೆಗೆ ಕಳಿಸಿದ್ದಾರೆ. ಯಾವಾಗ ಕರೆಯುತ್ತಾರೆಂದು ಹೇಳಿಲ್ಲ. ಅಕ್ಕ ನನ್ನೊಡನೆ ಮಾತಾಡಿಲ್ಲ. ಅವ್ವನೊಡನೆಯೂ.

ನಿನ್ನೆ ಹಳೆಯ ಪುಸ್ತಕದ ಖಾಲಿ ಪುಟದಲ್ಲಿ ಬರೆದೆ: 'ಗುರುವಾರ. ಸುಳ್ಳು ಕಾಕಾನದಲ್ಲ, ನಾನು ಒಯ್ದು ಕೊಟ್ಟದ್ದು.' ಯಾರಿಗಾದರೂ ತೋರಿಸಬೇಕೆನಿಸಿ ನಲವತ್ತೊಂದು ಹೆಜ್ಜೆ ನಡೆದೆ. ಅಲ್ಲೀಗ ಮೊಬೈಲ್ ಕವರ್ ಮಾರುತ್ತಾರೆ. ಗಲ್ಲಾಪೆಟ್ಟಿಗೆಯ ಬಳಿಯಿದ್ದ ಹುಡುಗಿ ತಲೆಯೆತ್ತಿ, "ಏನ್ ಬೇಕಿತ್ರಿ?" ಎಂದಳು.

ಏನೂ ಇಲ್ಲವೆಂದು ಹೇಳಿ ಬಂದೆ.