ಮಾವಶಿಯ ದನಿ ಮಾರಿದವರು

ಮೂವತ್ತು ವರ್ಷ ಧ್ವನಿಯ ಕೆಲಸ ಮಾಡಿದವಳು ನಾನು. ಮೊದಲು ಪ್ರಯೋಗಾಲಯದಲ್ಲಿ ಸಂಶೋಧನೆ, ಆಮೇಲೆ ಕಂಪನಿಗಳಿಗೆ ಸಲಹೆ, ಈಗ ಕಾಲೇಜಿನಲ್ಲಿ ಪಾಠ. ಯಾವ ಮೈಕಿನಲ್ಲಿ ಏನು ದೋಷ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಮನುಷ್ಯರ ವಿಷಯದಲ್ಲಿ ಮಾತ್ರ ಶುದ್ಧ ಕಿವುಡಿ.

ಪುಣೆಯ ಕನ್ನಡಿಗರ ಮಾತನ್ನು ರೆಕಾರ್ಡ್ ಮಾಡಿಡಬೇಕೆಂಬ ಹುಚ್ಚು ನನ್ನದೇ. ಮರಾಠಿ ಬೆರೆತ ನಮ್ಮ ಧಾರವಾಡದ ಮಾತು ನಾಳೆ ವಿದ್ಯಾರ್ಥಿಗಳ ಪಾಠಕ್ಕೆ ಉಳಿಯಲಿ ಎಂಬ ಆಸೆ. ಜೊತೆಗೆ ನಿಂತವನು ನನ್ನ ಹಳೆಯ ವಿದ್ಯಾರ್ಥಿ, ಬೆಂಗಳೂರಿನವನು. ಕೇಬಲ್ ಸುತ್ತುವುದರಿಂದ ಹಿಡಿದು ಎಲ್ಲವನ್ನೂ ಕಲಿಸಿದ್ದೆ. ಯೆರವಡಾದಲ್ಲಿ ಕಚೇರಿ ತೆರೆದಾಗ ಪಾಲುದಾರನನ್ನಾಗಿಯೂ ಮಾಡಿಕೊಂಡೆ. ಹಬ್ಬಕ್ಕೆ ನಮ್ಮ ಮನೆಯಲ್ಲೇ ಊಟ ಅವನದು.

ಮೊದಲು ರೆಕಾರ್ಡ್ ಮಾಡಿದ್ದು ಧನಕವಡಿಯ ಮಾವಶಿಯನ್ನು. ಮಾವಶಿ ಎಂದರೆ ಚಿಕ್ಕಮ್ಮ; ಸ್ವಂತದವರಲ್ಲ, ಅವ್ವನ ಗೆಳತಿ. ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಮಾತು ಶುರು ಮಾಡುವ ಮುನ್ನ ನಾಲಿಗೆಯಿಂದ ಸಣ್ಣಗೆ 'ಚ್' ಎನ್ನುವ ಅಭ್ಯಾಸ ಅವರಿಗೆ.

ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ. ರೆಕಾರ್ಡಿಂಗ್ ಮುಗಿದ ಮೇಲೆ ಅರ್ಧ ನಿಮಿಷ ಎಲ್ಲರೂ ಸುಮ್ಮನೆ ಕೂತು, ಬರೀ ಕೋಣೆಯ ಸದ್ದನ್ನು ಹಿಡಿಯಬೇಕು. ಮಾತಿನ ಹಿಂದಿನ ಗದ್ದಲ ತೆಗೆಯಲು ಅದು ಬೇಕು. ಮಾವಶಿಗೆ ಅದು ಸಾಧ್ಯವೇ ಆಗಲಿಲ್ಲ. "ನನ್ನ ಲಗ್ನದಾಗೂ ಇಷ್ಟೊತ್ತು ಬಾಯಿ ಮುಚ್ಚಿ ಕೂತಿಲ್ಲ ನಾ," ಎಂದು ಮೊದಲ ಸಲ ಕೆಡಿಸಿದರು. ಎರಡನೆಯ ಸಲ ಚಹಾ ಇಡಲೇ ಎಂದರು. ಮೂರನೆಯ ಸಲ ಕೇಳಿದರು, "ಇದು ಯಾರ್ಯಾರ ಕೈಗೋ ಹೋಗಂಗಿಲ್ಲಲ್ಲ, ಮಗಳ?"

"ನಾ ಇದ್ದೀನಲ್ಲ ಮಾವಶಿ. ನಮ್ಮ ಪಾಠಕ್ಕಷ್ಟ."

ಇಂಗ್ಲಿಷಿನ ಒಪ್ಪಿಗೆ ಪತ್ರ ಮುಂದಿಟ್ಟೆ. "ಚಾಳೀಸು ಒಳಗದ, ಅದಿಲ್ಲದ ಅಕ್ಷರ ಕಾಣಂಗಿಲ್ಲ. ನೀ ಹೇಳಿದಿಯಲ್ಲ, ಆತು," ಎಂದು ಸಹಿ ಹಾಕಿದರು. ಓದಿ ಹೇಳುವ ಗೋಜಿಗೆ ನಾನೂ ಹೋಗಲಿಲ್ಲ.

ಹೋದ ಶ್ರಾವಣದಲ್ಲಿ ಒಂದು ದಿನ ಮಾವಶಿ ಫೋನ್ ಮಾಡಿದರು. "ಯಾವುದೋ ಕಂಪನಿಯಿಂದ ಫೋನ್ ಬಂದಿತ್ತು, ವಿಮಾ ಮಾಡಸ್ರಿ ಅಂತ. ಮಾತಾಡಿದಾಕಿ ನಾನ ಇದ್ದೆ."

ವಯಸ್ಸಾಯಿತು ಪಾಪ, ಅಂದುಕೊಂಡೆ. ಆದರೂ ನಂಬರ್ ಕೇಳಿಕೊಂಡು ಅದಕ್ಕೆ ಫೋನ್ ಹಚ್ಚಿದೆ. ಮೊದಲು 'ಚ್' ಎಂಬ ಸದ್ದು. ಆಮೇಲೆ ಮಾವಶಿಯ ದನಿ: "ನಮಸ್ಕಾರ್ರಿ, ಹ್ಯಾಂಗಿದ್ದೀರಿ? ನಿಮ್ಮ ಮನಿ ಮಂದಿ ಕಾಳಜಿ ನಿಮಗ ಅದ ಅಲ್ರಿ?" ಅವರು ಯಾವತ್ತೂ ಆಡದ ಮಾತನ್ನು ಅವರದೇ ಅಕ್ಕರೆಯಲ್ಲಿ ಯಂತ್ರ ಆಡುತ್ತಿತ್ತು. ಆ ಧ್ವನಿಮುದ್ರಿಕೆ ಇದ್ದದ್ದು ನನ್ನ ಮತ್ತು ನನ್ನ ಪಾಲುದಾರನ ಬಳಿ ಮಾತ್ರ.

ಅವತ್ತೇ ಮಧ್ಯಾಹ್ನ ಯೆರವಡಾಕ್ಕೆ ಹೋದೆ. ಅವನು ಗಾಬರಿಯಾಗಲಿಲ್ಲ. ನನಗೆ ಚಹಾ ತರಿಸಿದ.

"ಡೇಟಾ ಸುಮ್ನೆ ಇಟ್ಕೊಂಡು ಏನ್ ಮಾಡೋದು ಮೇಡಂ? ಕಂಪನಿಯವರು ಒಳ್ಳೆ ರೇಟಿಗೆ ಕೇಳಿದ್ರು, ಕೊಟ್ಟೆ. ನಿಮಗೆ ಹೇಳೋಣ ಅಂತಾನೇ ಇದ್ದೆ."

"ನಾ ಮಾತು ಕೊಟ್ಟಿದ್ದೆನಲ್ಲೋ ಮಾವಶಿಗೆ."

"ಫಾರ್ಮಲ್ಲಿ ಹಾಗಿಲ್ವಲ್ಲ ಮೇಡಂ."

ಮಾವಶಿಯ ಸಹಿ ಇದ್ದ ಕಾಗದವನ್ನು ನನ್ನ ಕಡೆ ತಿರುಗಿಸಿದ. ಈ ದನಿಯನ್ನು ಯಾವ ಉದ್ದೇಶಕ್ಕಾದರೂ ಬಳಸಬಹುದು, ಯಾರಿಗಾದರೂ ಕೊಡಬಹುದು ಎಂದಿತ್ತು. ಆ ಸಾಲು ಬರೆದವಳು ನಾನೇ. ಕಂಪನಿಗಳಿಗೆ ಸಲಹೆ ಕೊಡುತ್ತಿದ್ದಾಗ ಅವರ ಅನುಕೂಲಕ್ಕೆಂದು ತಯಾರಿಸಿದ ನಮೂನೆ ಅದು. ತರಗತಿಯಲ್ಲಿ ಮಾದರಿ ಎಂದು ಹಂಚುತ್ತಿದ್ದೆ. ಮಾವಶಿಯ ಮನೆಗೆ ಹೊರಟ ದಿನ ಹೊಸದು ಬರೆಯಲು ಬೇಜಾರಾಗಿ ಅದನ್ನೇ ಒಯ್ದಿದ್ದೆ.

"ನೀವೇ ಕಲಿಸಿದ್ದಲ್ವಾ," ಎಂದ. ಕುಹಕವೇನೂ ಇರಲಿಲ್ಲ. ಪಾಠ ಒಪ್ಪಿಸುವ ದನಿ. ಅದೇ ನನ್ನನ್ನು ಹೆಚ್ಚು ಸುಟ್ಟಿತು. ಉಂಡ ಮನೆಯ ಜಂತೆ ಎಣಿಸುವವನೇ ಎಂದು ಬಾಯಿಗೆ ಬಂದಂತೆ ಬೈದೆ. ದನಿಯನ್ನು ವಾಪಸ್ ತರಿಸು ಎಂದೆ. ಒಮ್ಮೆ ಯಂತ್ರ ಕಲಿತ ಮೇಲೆ ಮರೆಸಲು ಬರುವುದಿಲ್ಲ ಎಂದ. ಅದು ನನಗೂ ಗೊತ್ತಿತ್ತು. ಪಾಲುದಾರಿಕೆ ಅಲ್ಲಿಗೆ ಮುಗಿಯಿತು. ಅವನ ಮೇಲಿನ ಸಿಟ್ಟು ಇವತ್ತಿಗೂ ಆರಿಲ್ಲ, ಆರುವುದೂ ಬೇಡ.

ರವಿವಾರ ಧನಕವಡಿಗೆ ಹೋದೆ. ಚಪ್ಪಲಿ ಬಿಡುತ್ತಿದ್ದಾಗ ಮಾವಶಿ ನನ್ನ ಕೈಯಲ್ಲಿದ್ದ ಫೋನ್ ನೋಡಿದರು. "ಅದನ್ನೂ ಅಲ್ಲೇ ಬಿಟ್ಟು ಬಾ," ಎಂದರು. ಚಪ್ಪಲಿಯ ಪಕ್ಕ ಫೋನ್ ಇಟ್ಟು ಒಳಗೆ ಬಂದೆ.

ಎಲ್ಲ ಹೇಳಿದೆ. ಅವನು ಕೊಟ್ಟದ್ದು, ಕಾಗದ ನನ್ನದೇ ಎಂಬುದು, ನಾನು ಓದಿ ಹೇಳದೆ ಸಹಿ ಹಾಕಿಸಿದ್ದು. "ತಪ್ಪಾತು ಮಾವಶಿ," ಎಂದೆ.

ಮಾವಶಿ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಫ್ಯಾನು ತಿರುಗುವ ಸದ್ದು, ಕೆಳಗೆ ರಿಕ್ಷಾ ಹೋದ ಸದ್ದು, ಅಡಿಗೆಮನೆಯಲ್ಲಿ ನಳದ ಹನಿ. ಬೈಯಲಿ, ಕೊನೆಗೆ ಚಹಾ ಇಡಲೇ ಎಂದಾದರೂ ಕೇಳಲಿ ಎಂದು ಕಾದೆ. ಅರ್ಧ ನಿಮಿಷ ದಾಟಿತು. ಮಾವಶಿ ಬಾಯಿ ತೆರೆಯಲಿಲ್ಲ.