ಹಸು ಕರೆದು ತೋರಿಸಿದ ಬೆಳಗು

ಐವತ್ತೇಳು ತುಂಬುವ ಹೊತ್ತಿಗೆ ನನ್ನ ಮಂಡಿಗಳು ಕೈಕೊಟ್ಟವು. ಕುಕ್ಕರಗಾಲಲ್ಲಿ ಕೂತರೆ ಏಳಲು ಆಗುತ್ತಿರಲಿಲ್ಲ. ಹಾಲು ಕರೆಯುವವಳಿಗೆ ಇದಕ್ಕಿಂತ ಬೇರೆ ಶಾಪ ಬೇಕೇ? ನಮ್ಮ ಸೀಮೆಹಸು ಕರುವಾಗಿದ್ದಾಗಿನಿಂದ ನನ್ನ ಕೈಯಲ್ಲೇ ಬೆಳೆದದ್ದು. ಬೇರೆ ಯಾರು ಕೂತರೂ ಬಕೆಟ್ಟಿಗೆ ಒದೆಯುತ್ತಿತ್ತು. ಮಣೆ ಹಾಕಿಕೊಂಡೂ ನೋಡಿದೆ. ನೊಣ ಕಚ್ಚಿ ಅದು ಕಾಲೆತ್ತಿದಾಗ ಹಿಂದೆ ಸರಿಯಲಾಗದೆ ಸಗಣಿಯಲ್ಲಿ ಬಿದ್ದೆ.

ಹಸು ಆಗಲೇ ಗಬ್ಬವಾಗಿತ್ತು, ಆಮೇಲೆ ಹಾಲು ಬತ್ತಿಸಿದೆವು. "ಲೇ, ಕರು ಆಕ್ಲಿ, ಮಾರ್ಬುಡಾನ. ಇನ್ ನಿನ್ ಕೈಲಿ ಆಗಕ್ಕಿಲ್ಲ," ಎಂದರು ನಮ್ಮ ಯಜಮಾನರು. ಕರು ಹಾಕಲು ಇನ್ನೂ ಮೂರು ತಿಂಗಳಿತ್ತು. ಕೊಟ್ಟಿಗೆಗೆ ಹೋಗಿ ಅದರ ಕೊರಳು ತಬ್ಬಿಕೊಂಡು ಅತ್ತುಬಿಟ್ಟೆ.

ನಾಗಮಂಗಲದಿಂದ ನಮ್ಮ ಬೀದಿಗೆ ಸೊಸೆಯಾಗಿ ಬಂದ ಹುಡುಗಿಯೊಬ್ಬಳು ಊರಿನ ಸಮುದಾಯ ಭವನದಲ್ಲಿ ಹೆಂಗಸರಿಗೆ ಯೋಗ ಹೇಳಿಕೊಡುತ್ತಿದ್ದಳು. ಗದ್ದೆಯಲ್ಲಿ ಬಗ್ಗಿದ್ದು ಸಾಲದೇನೋ, ಇಲ್ಲಿ ಬೇರೆ ಬಂದು ಬಗ್ಗುತ್ತಾರೆ ಎಂದು ಗೇಲಿ ಮಾಡಿದವಳು ನಾನೇ. ಹಸುವಿಗೋಸ್ಕರ ಮಾನ ಮರ್ಯಾದೆ ಬದಿಗಿಟ್ಟು ಹೋದೆ.

ಮೊದಲ ದಿನ ಕೊನೆಯಲ್ಲಿ, "ಅಂಗಾತ ಮಲಗಿ, ಶವಾಸನ," ಎಂದಳು. ನೋಡಿದರೆ ಚಾಪೆಗಳೆಲ್ಲ ಉತ್ತರಕ್ಕೆ ತಲೆ! "ಉತ್ತರಕ್ಕೆ ತಲೆ ಮಡಗ್ಸಿ ಶವ ಅಂತೀಯಲ್ಲ ಕಣಮ್ಮಿ, ನಾನಿನ್ನೂ ಬದುಕಿವ್ನಿ!" ಎಂದು ಕೂಗಿದೆ. ಬಂದಿದ್ದ ಏಳೂ ಜನ ಹೆಂಗಸರು ಎದ್ದು ಚಾಪೆ ತಿರುಗಿಸಿದೆವು. ಈಗ ಕಾಲು ನೇರವಾಗಿ ಗೋಡೆಯ ಮೇಲಿನ ದೇವರ ಪಟಕ್ಕೆ. ಅಯ್ಯೋ ಅಯ್ಯೋ ಎಂದು ಗಲ್ಲ ಬಡಿದುಕೊಂಡು ಮತ್ತೆ ಎದ್ದೆವು. ಪೂರ್ವಕ್ಕೆ ತಲೆ ಹಾಕಿ ಮಲಗುವಷ್ಟರಲ್ಲಿ ಪಾಪ, ಆ ಹುಡುಗಿಗೇ ಸುಸ್ತಾಗಿತ್ತು.

ನನಗೆ ಅವಳು ಕೊಟ್ಟದ್ದು ಒಂದು ಕುರ್ಚಿ. ಮೆಲ್ಲಗೆ ಕೂರು, ಮೆಲ್ಲಗೆ ಏಳು, ಉಸಿರು ಬಿಡು, ಅಷ್ಟೇ. ಎರಡೇ ವಾರಕ್ಕೆ ನನಗೆ ತಡೆಯಲಾಗಲಿಲ್ಲ. ಮನೆಯಲ್ಲಿ ಕಂಬ ಹಿಡಿದು ಪೂರ್ತಿ ಕೂತುಬಿಟ್ಟೆ. ಮಂಡಿ ಊದಿ ನಾಲ್ಕು ದಿನ ನಡೆಯಲಾಗಲಿಲ್ಲ.

"ಈಗ್ಲೇ ಕೂತ್ಕಳಿ ಅಂತ ಯಾರೇಳುದ್ರು ದೊಡ್ಡಮ್ಮ? ದಿನಾ ಒಂಚೂರೇ ಇಳೀರಿ. ನೋವು ಬಂತಾ, ಅಲ್ಲೇ ನಿಲ್ಸಿ," ಎಂದು ಬೈದಳು.

ನಿನ್ನೆ ಮೊನ್ನೆ ಬಂದ ಹುಡುಗಿ ನನಗೆ ಬೈಯುವುದೇ? ಸಿಟ್ಟು ನೆತ್ತಿಗೇರಿತು. ಆದರೂ ಅವಳು ಹೇಳಿದಂತೆ ಮಾಡಿದೆ. ಕುರ್ಚಿಯಿಂದ ಗಿಡ್ಡ ಸ್ಟೂಲಿಗೆ, ಸ್ಟೂಲಿನಿಂದ ಮಡಿಸಿದ ಕಂಬಳಿಗೆ ಇಳಿದೆ. ಮೂರನೇ ತಿಂಗಳು ಕಿಟಕಿಯ ಸರಳು ಹಿಡಿದು ಕುಕ್ಕರಗಾಲಲ್ಲಿ ಹತ್ತು ಉಸಿರು ಕೂತೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಸರಳು ಬಿಟ್ಟು ಕೂರುವ ಧೈರ್ಯ ಇನ್ನೂ ಬಂದಿರಲಿಲ್ಲ.

ಹಸು ಹೆಣ್ಣುಕರು ಹಾಕಿತು. ಕರು ಕುಡಿದು ಮಿಕ್ಕಿದ್ದನ್ನು ಯಜಮಾನರು ಹಸುವಿನ ಹಿಂಗಾಲು ಕಟ್ಟಿ ಹೇಗೋ ಕರೆದರು. ಹತ್ತನೇ ದಿನ ಬೆಳಗ್ಗೆ ಪಾಂಡವಪುರದ ಕಡೆಯಿಂದ ಕೊಳ್ಳುವವನು ಬಂದ. ನಮ್ಮಲ್ಲಿ ಮಾರುವವರು ಹಸುವಿನ ಕಾಲು ಕಟ್ಟದೆ ಹಾಲು ಕರೆದು ತೋರಿಸಬೇಕು. ಆಮೇಲೆ ಹಗ್ಗ ಕೊಟ್ಟರೆ ವ್ಯಾಪಾರ ಮುಗಿದಂತೆ.

ಯಜಮಾನರು ಕೂತರು. ಬಕೆಟ್ಟು ಅಂಗಳಕ್ಕೆ ಹಾರಿತು.

"ಒದೆಯೋ ಅಸನಾ ಮಾರಕ್ಕೆ ಕರುಸಿದ್ರಾ?" ಎಂದು ಆತ ಮುಖ ಸಿಂಡರಿಸಿದ.

ಆ ಮಾತು ನನ್ನ ಎದೆಗೆ ನಾಟಿತು. ಬಕೆಟ್ಟು ತೊಳೆದು ತಂದೆ. ಸೆರಗು ಸಿಕ್ಕಿಸಿ, ಹಸುವಿನ ಪಕ್ಕ ನಿಂತು, ಉಸಿರು ಬಿಡುತ್ತಾ ಮೆಲ್ಲಗೆ ಇಳಿದೆ. ಹಿಡಿಯಲು ಕಂಬವೂ ಇಲ್ಲ, ಸರಳೂ ಇಲ್ಲ. ಹಿಮ್ಮಡಿ ನೆಲಕ್ಕೆ ಊರಿತು. ಬಕೆಟ್ಟನ್ನು ಮಂಡಿಗಳ ನಡುವೆ ಸಿಕ್ಕಿಸಿಕೊಂಡು ಕೆಚ್ಚಲಿಗೆ ಕೈ ಹಾಕಿದೆ. ಹಸು ನನ್ನ ಬೆನ್ನು ನೆಕ್ಕಿತು. ಚೊರ್ ಚೊರ್ ಎಂದು ಹಾಲು ಬಿತ್ತು ನೋಡಿ, ನೊರೆ ಬಕೆಟ್ಟಿನ ಕಂಠಕ್ಕೆ ಬಂತು! ಎದ್ದೆ. ಯಾರ ಕೈಯನ್ನೂ ಹಿಡಿಯದೆ ಎದ್ದೆ.

ಕೊಳ್ಳುವವನ ಮುಖ ಅರಳಿತು. "ಕೊಡವ್ವ ಅಗ್ಗ," ಎಂದು ಕೈ ಚಾಚಿದ.

ಹಗ್ಗವನ್ನು ಮುಂಗೈಗೆ ಎರಡು ಸುತ್ತು ಸುತ್ತಿಕೊಂಡೆ. "ಕಾಪಿ ಕುಡ್ಕಂಡು ಓಗಪ್ಪ. ಅಸ ಮಾರಕ್ಕಿಲ್ಲ."

ಹಾಲಿನ ಬಕೆಟ್ಟನ್ನು ಯಜಮಾನರ ಕೈಗೆ ಕೊಟ್ಟೆ. "ಡೈರಿಗೆ ಒತ್ತಾಯ್ತದೆ, ತಕಂಡೋಗು. ಆಲು ಕರಿಯಾದು ನಂದು."